ಕೊಪ್ಪಳ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ?

ಇಂಟರ್ನ್‌ಶಿಪ್‌ಗೆ ನನಗೆ ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ ಸಿಕ್ಕಿತು. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಬಿ.ಎಸ್ಸಿ.ಯಲ್ಲಿ ಮೂರನೇ ವಿಷಯವಾಗಿ ಗಣಕವಿಜ್ಞಾನ ಓದಿದ್ದೇನೆಂದು ತಿಳಿದ ಮುಖ್ಯೋಪಾಧ್ಯಾಯರು ಎರಡನೇ ದಿನವೇ ಲ್ಯಾಬಿನ ಕೀಲಿಕೈ ಕೊಟ್ಟರು. ಒಂಬತ್ತು ಗಣಕಗಳಲ್ಲಿ ಐದು ನಡೆಯುತ್ತಿದ್ದವು. ಶನಿವಾರದ ಬೆಳಗಿನ ಶಾಲೆಯಲ್ಲಿ ಕೊನೆಯ ಎರಡು ಅವಧಿ ಒಂಬತ್ತನೇ ತರಗತಿಯವರನ್ನು ಅಲ್ಲಿಗೆ ಕರೆದೊಯ್ಯಲು ಒಪ್ಪಿಗೆಯೂ ಸಿಕ್ಕಿತು.

ಅದೇ ಶಾಲೆಗೆ ಬಂದಿದ್ದ ಸಮಾಜ ವಿಜ್ಞಾನದ ಸಹಪಾಠಿಗೆ ಜಿಲ್ಲೆಯ ಎರಡು ಭೂಪಟಗಳು ಬೇಕಾಗಿದ್ದವು. ಒಂದು, 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗಿನ ಕೊಪ್ಪಳ ಜಿಲ್ಲೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕುಗಳದ್ದು. ಇನ್ನೊಂದು, ಕುಕನೂರು, ಕನಕಗಿರಿ, ಕಾರಟಗಿ ಸೇರಿದ ಮೇಲಿನದು. ಗೆರೆಗಳನ್ನು ಅವರೇ ಎಳೆದಿದ್ದರು. ಹೆಸರುಗಳನ್ನು ಅಂದವಾಗಿ ಕೂಡಿಸಿಕೊಡಬೇಕಿತ್ತು. ಚಿತ್ರದ ಮೇಲೆ ಅಕ್ಷರ ಬರೆಯಲು ಪೈಥಾನ್ ಭಾಷೆಯಲ್ಲಿ ಪಿಲ್ಲೋ ಎಂಬ ಗ್ರಂಥಾಲಯವಿದೆ. ಹತ್ತು ಸಾಲಿನ ಕೆಲಸ. ಮಕ್ಕಳ ಎದುರಿಗೇ ಮಾಡಿದರೆ ಲ್ಯಾಬಿನ ಮೊದಲ ಪಾಠವೂ ಆದೀತು ಎಂದುಕೊಂಡೆ.

ತೆರೆಯ ಮೇಲೆ ಕೊಪ್ಪಳ ಒಡೆದುಕೊಂಡು ಬಂತು. ‘ಪ’ಕ್ಕೆ ‘ಪ’ದ ಒತ್ತು ಕೆಳಗೆ ಕೂಡುವ ಬದಲು ಎರಡು ‘ಪ’ಗಳು ಅಕ್ಕಪಕ್ಕ ನಿಂತು ನಡುವೆ ಹಲಂತದ ಗುರುತು ಬಿಡಿಯಾಗಿ ಕಾಣುತ್ತಿತ್ತು. ಕುಷ್ಟಗಿಯಲ್ಲಿ ‘ಷ’ ಬೇರೆ, ‘ಟ’ ಬೇರೆ. ಯಲಬುರ್ಗಾದ ಅರ್ಕಾವೊತ್ತು ‘ಗಾ’ದ ಬಲಕ್ಕೆ ಹೋಗದೆ, ಇಡೀ ‘ರ’ ಆಗಿಯೇ ಎಡಕ್ಕೆ ಉಳಿದಿತ್ತು. ಗಂಗಾವತಿಯಲ್ಲಿ ಮಾತ್ರ ಒತ್ತಕ್ಷರವಿಲ್ಲದ ಕಾರಣ, ಗುಡಿಸು ಸ್ವಲ್ಪ ಜರುಗಿದ್ದರೂ, ಓದುವಂತಿತ್ತು. ಗಂಗಾವತಿ ಕಡೆಯಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುವ ಹುಡುಗನೊಬ್ಬ “ನಮ್ಮೂರು ಛಲೋ ಐತ್ರಿ ಸರ” ಎಂದು ಕಾಲರ್ ಎತ್ತಿದ. ಉಳಿದವರು ಗಲಾಟೆ ಎಬ್ಬಿಸಿದರು.

ಮುಂದಿನ ಸಾಲಿನ ಒಬ್ಬಳು ಪಕ್ಕದ ಗಣಕದಲ್ಲಿ ವರ್ಡ್ ತೆರೆದು, ಅದೇ ತುಂಗಾ ಫಾಂಟಿನಲ್ಲಿ ಅದೇ ಹೆಸರು ಬರೆದು ತೋರಿಸಿದಳು. ಅಲ್ಲಿ ಎಲ್ಲವೂ ಸರಿಯಾಗಿತ್ತು. “ಫಾಂಟು ಅದ ಐತಿ, ಅಕ್ಷರಾನೂ ಅದ ಅದಾವು. ಮತ್ತ ಇಲ್ಯಾಕ ಹಿಂಗ್ರಿ?”

ಪಾಠ ಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಯಾವ ಪ್ರಶ್ನೆಯೂ ಇದರಷ್ಟು ಚೆನ್ನಾಗಿರಲಿಲ್ಲ. ಆಮೇಲಿನ ನಾಲ್ಕು ಶನಿವಾರ ನಾವು ಇದನ್ನೇ ಹಿಡಿದುಕೊಂಡೆವು.

ಉತ್ತರ ಸಾರಾಂಶದಲ್ಲಿ ಹೀಗೆ. ಪೈಥಾನ್‌ನಲ್ಲಿ ನಾವು ‘ಫಾಂಟ್’ ಎಂಬ ಆಬ್ಜೆಕ್ಟ್ ಮಾಡಿಕೊಳ್ಳುತ್ತೇವೆ. ಅದು ಪೈಥಾನ್ ವಸ್ತುವಿನಂತೆ ಕಾಣುತ್ತದೆ, ಹೆಸರಿಟ್ಟರೆ ಹೆಸರಿಗೆ ಓಗೊಡುತ್ತದೆ. ಆದರೆ ಒಳಗಿರುವುದು ಸಿ ಭಾಷೆಯ ಫ್ರೀಟೈಪ್ ಎಂಬ ಗ್ರಂಥಾಲಯದ ರಚನೆ. ಪೈಥಾನ್ ಅದರ ಮೇಲಿನ ಹೊದಿಕೆ. ರ‍್ಯಾಪರ್ ಎಂದು ಕರೆಯುವುದು ಇದನ್ನೇ. ಫ್ರೀಟೈಪ್‌ಗೆ ಅಕ್ಷರದ ಆಕಾರ ತಿಳಿದಿದೆ, ಒತ್ತು ಕೂಡಿಸುವ ನಿಯಮ ತಿಳಿಯದು. ನಿಯಮಗಳು ಫಾಂಟಿನೊಳಗೆ ಕೋಷ್ಟಕವಾಗಿ ಇರುತ್ತವೆ. ಅವನ್ನು ಓದಿ ‘ಈ ಎರಡು ಸೇರಿದರೆ ಈ ಆಕಾರ, ಇದು ಆಚೆಗೆ ಹೋಗಬೇಕು’ ಎಂದು ಜೋಡಿಸಿ ಕೊಡುವುದು ಹಾರ್ಫ್‌ಬಜ್ ಎಂಬ ಇನ್ನೊಂದು ಗ್ರಂಥಾಲಯ. ಅದು ಸಿ ಪ್ಲಸ್ ಪ್ಲಸ್‌ನಲ್ಲಿದೆ, ಹೊರಗಿನವರೊಡನೆ ಸಿ ಭಾಷೆಯಲ್ಲಿ ಮಾತಾಡುತ್ತದೆ. ಹೆಸರು ಪಾರಸಿ; ‘ಮುಕ್ತ ಅಕ್ಷರ’ ಎಂಬ ಅರ್ಥ. ಇವೆರಡನ್ನೂ, ಬಲದಿಂದ ಎಡಕ್ಕೆ ಬರೆಯುವ ಲಿಪಿಗಳನ್ನು ನೋಡಿಕೊಳ್ಳುವ ಫ್ರಿಬಿಡಿಯನ್ನೂ ಸೇರಿಸಿ ಹೊಲಿದ ಪದರ ರಕ್ಮ್. ಪಿಲ್ಲೋ 2017ರಿಂದ ಈ ರಕ್ಮ್ ಅನ್ನು ಬಳಸಬಲ್ಲದು. ನಮ್ಮ ಲ್ಯಾಬಿನಲ್ಲಿದ್ದ ವಿಂಡೋಸ್ ಆವೃತ್ತಿಯಲ್ಲಿ ಫ್ರಿಬಿಡಿಯ ಕಡತವನ್ನು ನಾವೇ ತಂದಿಡಬೇಕಿತ್ತು. ಅದು ಇಲ್ಲದಿದ್ದರೆ ಪಿಲ್ಲೋ ತಕರಾರು ಮಾಡುವುದಿಲ್ಲ. ಸುಮ್ಮನೆ ಸರಳ ಜೋಡಣೆಗೆ ಇಳಿಯುತ್ತದೆ. ಇಂಗ್ಲಿಷ್ ಹೆಸರಾಗಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಕನ್ನಡಕ್ಕೆ ಗೊತ್ತಾಯಿತು.

ತಮಾಷೆ ನೋಡಿ: ಎಡದಿಂದ ಬಲಕ್ಕೆ ಬರೆಯುವ ನಮಗೆ ಅರಬ್ಬಿ, ಹೀಬ್ರೂಗಳಿಗೆ ಬೇಕಾದ ಕಡತವಿಲ್ಲದೆ ಕುಷ್ಟಗಿ ಎಂದು ಬರೆಯಲಾಗಲಿಲ್ಲ.

ಇದನ್ನೆಲ್ಲ ಒಂಬತ್ತನೇ ತರಗತಿಗೆ ಹೀಗೇ ಹೇಳಿದರೆ ಐದು ನಿಮಿಷಕ್ಕೆ ಕಿಟಕಿಯಾಚೆ ನೋಡುತ್ತಾರೆ. ಹಾಗಾಗಿ ಎಣಿಕೆಯಿಂದ ಶುರು ಮಾಡಿದೆ. ಕರಿಹಲಗೆಯ ಮೇಲೆ ‘ಕೊಪ್ಪಳ’ ಎಂದು ಬರೆದು, ಇದರಲ್ಲಿ ಎಷ್ಟು ಅಕ್ಷರ ಎಂದು ಕೇಳಿದೆ. ಮೂರು ಎಂದರು ಬಹುತೇಕರು: ಕೊ, ಪ್ಪ, ಳ. ಛಂದಸ್ಸಿನ ಪಾಠ ಹೊಸದಾಗಿ ಆಗಿತ್ತೇನೋ, ಒಬ್ಬ ನಾಲ್ಕು ಎಂದ. ಒತ್ತಕ್ಷರದ ಹಿಂದಿನದು ಗುರು, ಎರಡು ಮಾತ್ರೆ, ಉಳಿದೆರಡು ಲಘು. ಅದು ಅಕ್ಷರದ ಲೆಕ್ಕವಲ್ಲ, ಮಾತ್ರೆಯ ಲೆಕ್ಕ ಎಂದು ಅವನ ಗೆಳೆಯರೇ ತಿದ್ದಿದರು. ನಾನು ನಾಲ್ಕನ್ನೂ ಹಲಗೆಯ ಮೇಲೆ ಉಳಿಸಿದೆ.

ಆಮೇಲೆ ಪೈಥಾನ್‌ಗೆ ಕೇಳಿದೆವು. ಅದರ ‘ಲೆನ್’ 6 ಎಂದಿತು. ಕ, ಒ-ಕಾರದ ಗುರುತು, ಪ, ಹಲಂತ, ಪ, ಳ. ಯೂನಿಕೋಡ್ ಎಣಿಸುವುದು ಹೀಗೆ. ಇಷ್ಟಕ್ಕೆ ಮಕ್ಕಳು ಒಪ್ಪಿದರು, ಕೀಲಿಮಣೆಯಲ್ಲಿ ತಾವು ಒತ್ತುವುದೂ ಹೆಚ್ಚುಕಡಿಮೆ ಹಾಗೇ ಎಂದು.

ಮೂರನೆಯದಾಗಿ ಸಿ ಭಾಷೆಗೆ ಕೇಳಬೇಕಿತ್ತು. ಸಿ ಕಂಪೈಲರ್ ಆ ಗಣಕದಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪೈಥಾನ್‌ನ ಜೊತೆಗೇ ಬರುವ ಸಿಟೈಪ್ಸ್ ಎಂಬ ಭಾಗದಿಂದ, ವಿಂಡೋಸ್‌ನೊಳಗೆ ಮೊದಲೇ ಇರುವ ಸಿ ಗ್ರಂಥಾಲಯವನ್ನು ಕರೆದು, ಅದರ ‘ಸ್ಟ್ರ್‌ಲೆನ್’ ಅನ್ನು ಕೇಳಬಹುದು. ಪದವನ್ನು ಯುಟಿಎಫ್-8ಕ್ಕೆ ಪರಿವರ್ತಿಸಿ ಕೊಟ್ಟೆ. 18 ಬಂತು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು, ಆರು ಮೂರಲೆ ಹದಿನೆಂಟು. ಸಿ ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು. ಸೊನ್ನೆ ಸಿಗುವವರೆಗೆ ಎಣಿಸುತ್ತಾ ಹೋಗುತ್ತದೆ, ಸಿಕ್ಕೊಡನೆ ನಿಲ್ಲುತ್ತದೆ.

ನಂತರ ಬೇಕೆಂದೇ ಪರಿವರ್ತಿಸದೆ ಕೊಟ್ಟೆ. 12 ಬಂತು. ಅದೇ ಸಾಲನ್ನು ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ಕೊಟ್ಟರೆ 2! ಎರಡೂ ಕಡೆ ಯಾವ ದೋಷದ ಸಂದೇಶವೂ ಇಲ್ಲ. ವಿಂಡೋಸ್‌ನಲ್ಲಿ ಹೀಗೆ ಹೋಗುವ ಪ್ರತಿ ಸಂಕೇತಕ್ಕೆ ಎರಡು ಬೈಟು, ಆದ್ದರಿಂದ ಹನ್ನೆರಡು. ಲಿನಕ್ಸ್‌ನಲ್ಲಿ ನಾಲ್ಕು ಬೈಟು. ‘ಕ’ದ ಮೊದಲೆರಡು ಬೈಟು ಕಳೆದೊಡನೆ ಸೊನ್ನೆ ಸಿಗುತ್ತದೆ, ಪದ ಮುಗಿಯಿತೆಂದು ಸಿ ನಂಬುತ್ತದೆ.

ಹಲಗೆಯ ಮೇಲೆ ಈಗ 3, 4, 6, 18, 12, 2. ಒಂದೇ ಊರಿನ ಹೆಸರು. ಯಾವುದು ಸರಿ ಎಂದು ಕೇಳಿದಾಗ ತರಗತಿ ಮೂರು ಪಕ್ಷವಾಗಿ ಒಡೆಯಿತು. ಕೊನೆಯ ಎರಡನ್ನು ಮಾತ್ರ ಎಲ್ಲರೂ ಅಳಿಸಲು ಹೇಳಿದರು. ಉಳಿದವಕ್ಕೆ ‘ಯಾರು ಎಣಿಸಿದ್ದು’ ಎಂದು ಪಕ್ಕದಲ್ಲಿ ಬರೆದರೆ ಸಾಕು ಎಂದು ತೀರ್ಮಾನವಾಯಿತು. ಗಣಿತದ ಪ್ರಶಿಕ್ಷಣಾರ್ಥಿಯಾಗಿ ಹೇಳುತ್ತೇನೆ: ಅಳತೆಗೆ ಮಾನ ಬರೆಯಿರಿ ಎಂದು ವರ್ಷವಿಡೀ ಹೇಳಿದರೂ ಕೆಲವರು ಬರೆಯುವುದಿಲ್ಲ. ಅವತ್ತು ಹೇಳಬೇಕಾಗಲಿಲ್ಲ.

ಹೊದಿಕೆಯ ಕೆಲಸ ಇಲ್ಲಿಂದ ಶುರುವಾಗುತ್ತದೆ. ಸಿಟೈಪ್ಸ್‌ನಲ್ಲಿ ‘ಈ ಬಾಗಿಲಿಗೆ ಬೈಟುಗಳ ಸಾಲು ಮಾತ್ರ ಬರಬೇಕು’ ಎಂದು ಮೊದಲೇ ಒಂದು ಸಾಲು ಬರೆದರೆ, ಪರಿವರ್ತಿಸದ ಪದವನ್ನು ಕೊಟ್ಟ ಕೂಡಲೇ ಪೈಥಾನ್ ಬಾಗಿಲಲ್ಲೇ ತಡೆದು ದೋಷ ಎನ್ನುತ್ತದೆ. ಹನ್ನೆರಡೂ ಇಲ್ಲ, ಎರಡೂ ಇಲ್ಲ. ಕರೆಯುವುದು ಸುಲಭ, ತಪ್ಪು ಕರೆಯನ್ನು ತಡೆಯುವುದರಲ್ಲಿ ಹೊದಿಕೆಯ ಬೆಲೆ ಇದೆ. ದೊಡ್ಡ ಗ್ರಂಥಾಲಯಗಳಿಗೆ ಇಂಥ ಸಾಲುಗಳನ್ನು ಕೈಯಿಂದ ಬರೆದು ಪೂರೈಸುವುದಿಲ್ಲವೆಂದೇ ಡೇವಿಡ್ ಬೀಜ್ಲಿ 1996ರಲ್ಲಿ ಸ್ವಿಗ್ ತಂದರು, ವೆನ್ಜೆಲ್ ಯಾಕೋಬ್ 2015ರಲ್ಲಿ ಸಿ ಪ್ಲಸ್ ಪ್ಲಸ್‌ಗಾಗಿ ಪೈಬೈಂಡ್11 ತಂದರು. ಪಿ.ಯು.ಸಿ.ಯಲ್ಲಿ ಸಿ ಪ್ಲಸ್ ಪ್ಲಸ್, ಪದವಿಯಲ್ಲಿ ಪೈಥಾನ್ ಕಲಿತ ನನ್ನಂಥವರಿಗೆ ಅವೆರಡು ಒಂದರೊಳಗೊಂದು ಇರುತ್ತವೆ ಎಂದು ಯಾವ ಪಠ್ಯವೂ ಹೇಳಿರಲಿಲ್ಲ. ನಾವು ಹೆಚ್ಚಾಗಿ ಬಳಸುವ ಪೈಥಾನ್ ತಾನೇ ಸಿ ಭಾಷೆಯಲ್ಲಿ ಬರೆದದ್ದು.

ಇನ್ನು ಹೋಲಿಕೆಯ ಪ್ರಶ್ನೆ. ಸೂಕ್ಷ್ಮ ಬೋಧನೆಯ ತಾಲೀಮಿನಲ್ಲಿ ಸಹಪಾಠಿಯೊಬ್ಬರು ಕಿನ್ನಾಳದ ಗೊಂಬೆಯನ್ನು ಸೂಚಿಸಿದರು. ನಮ್ಮ ಜಿಲ್ಲೆಯದು, ಮಕ್ಕಳು ಬಲ್ಲರು. ಒಳಗೆ ಹಗುರ ಮರ, ಮೇಲೆ ಹುಣಸೆಬೀಜದ ಅಂಟು, ಬಣ್ಣ. ನೋಡಲು ಚಂದದ ಹೋಲಿಕೆ. ನಾನು ಬಳಸಲಿಲ್ಲ. ಗೊಂಬೆಯ ಬಣ್ಣ ಒಳಗಿನ ಮರಕ್ಕೆ ಏನನ್ನೂ ಹೇಳುವುದಿಲ್ಲ, ಮರದಿಂದ ಏನನ್ನೂ ಕೇಳಿ ತರುವುದಿಲ್ಲ. ಇಲ್ಲಿ ಹೊದಿಕೆ ಎರಡೂ ಕಡೆ ಮಾತಾಡಬೇಕು. ಮಕ್ಕಳ ಮನಸ್ಸಿನಲ್ಲಿ ಒಮ್ಮೆ ‘ಬಣ್ಣ’ ಎಂದು ಕೂತರೆ ಅದನ್ನು ಕೀಳುವುದು ಕಷ್ಟ. ಸ್ಥಳೀಯ ಉದಾಹರಣೆ ಕೊಡಿ ಎಂದು ನಮಗೆ ಪದೇಪದೇ ಹೇಳುತ್ತಾರೆ, ಸರಿಯೇ; ಆದರೆ ಸ್ಥಳೀಯವಾದದ್ದೆಲ್ಲ ಉದಾಹರಣೆಯಲ್ಲ.

ಸರಿಯಾದ ಹೋಲಿಕೆ ಒಬ್ಬ ವಿದ್ಯಾರ್ಥಿನಿಯಿಂದ ಬಂತು. ತಾಂಡಾದಿಂದ ಬರುವ ಹುಡುಗಿ, ಮನೆಮಾತು ಲಂಬಾಣಿ. ತಂದೆತಾಯಿ ದುಡಿಯಲು ಬೆಂಗಳೂರಿನ ಕಡೆ ಹೋದಾಗ ಮನೆಯಲ್ಲಿ ಅಜ್ಜಿ ಮತ್ತು ಇವಳು. ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೆ. ಎರಡು ಭಾಷೆಗಳ ನಡುವೆ ನಿಂತು ಮಾತು ಸಾಗಿಸುವವರನ್ನು ಯಾರಾದರೂ ನೋಡಿದ್ದೀರಾ ಎಂದು ಕೇಳಿದಾಗ ಅವಳು ಮೆಲ್ಲಗೆ ಕೈ ಎತ್ತಿದಳು. “ನಾನ ಮಾಡ್ತೀನ್ರಿ ಸರ. ದವಾಖಾನಿಗೆ ಹೋದಾಗ.”

ಏನು ಮಾಡುತ್ತೀ ಎಂದು ಒಂದೊಂದಾಗಿ ಕೇಳಿದೆ.

“ಅಜ್ಜಿ ಏನೇನೋ ಹೇಳ್ತಾಳ್ರಿ. ಎಲ್ಲಾ ಹೇಳಾಕ ಬರಂಗಿಲ್ಲ. ಡಾಕ್ಟರಿಗೆ ಬೇಕಾದಷ್ಟು ಹೇಳ್ತೀನಿ.”

ಒಳಗಿನ ಎಲ್ಲವನ್ನೂ ಹೊದಿಕೆ ಹೊರಗೆ ತೋರಿಸುವುದಿಲ್ಲ ಎಂದು ನಾನು ಹಲಗೆಯ ಮೇಲೆ ಬರೆದೆ.

“ಡಾಕ್ಟರು ಬೈದರೆ?”

“ಬೈದಂಗ ಹೇಳಂಗಿಲ್ರಿ. ಗುಳಿಗಿ ಬಿಟ್ರ ಮತ್ತ ಕಾಲು ಬಾಯ್ತಾವ ಅಂತ ಹೇಳ್ತೀನಿ. ಹಂಗಂದ್ರ ಅಕಿಗೆ ತಿಳೀತೈತಿ.”

ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು, ಏಕೆಂದರೆ ಮುಂದಿನ ವಾರಕ್ಕೆ ನಾನು ಸಿದ್ಧಪಡಿಸಿಕೊಂಡಿದ್ದ ಅಂಶ ಇದೇ. ಫ್ರೀಟೈಪ್‌ಗೆ ಇಲ್ಲದ ಫಾಂಟಿನ ಹೆಸರು ಕೊಟ್ಟರೆ ಅದು ಒಂದು ಸಂಖ್ಯೆಯನ್ನು ಮರಳಿಸುತ್ತದೆ, ಅಷ್ಟೆ. ಸೊನ್ನೆಯಾದರೆ ಸುಗಮ, ಬೇರೆಯಾದರೆ ದೋಷ. ಪೈಥಾನ್‌ನವರು ಸಂಖ್ಯೆ ನೋಡುತ್ತಾ ಕೂರುವವರಲ್ಲ. ಅಲ್ಲಿ ದೋಷವೆಂದರೆ ಕೆಲಸ ನಿಲ್ಲಬೇಕು, ಏನಾಯಿತೆಂದು ಮಾತಿನಲ್ಲಿ ಹೇಳಬೇಕು. ಹಾಗಾಗಿ ಪಿಲ್ಲೋ ಆ ಸಂಖ್ಯೆಯನ್ನು ‘ತೆರೆಯಲಾಗಲಿಲ್ಲ’ ಎಂಬ ಪೈಥಾನ್ ದೋಷವಾಗಿ ಬದಲಿಸಿ ಕೊಡುತ್ತದೆ. ದೋಷವನ್ನು ಕೇಳುವವರ ರೀತಿಯಲ್ಲಿ ಹೇಳುವುದು. ಆ ಹುಡುಗಿ ಅದನ್ನು ಕಾಲಿನ ಬಾವಿನ ಮಾತಿನಲ್ಲಿ ಮಾಡುತ್ತಿದ್ದಳು.

ಅವಳ ಹಾಜರಿಯ ವಿಷಯ ಆಮೇಲೆ ತಿಳಿಯಿತು. ತಿಂಗಳಿಗೆ ಎರಡು-ಮೂರು ದಿನ ಆಸ್ಪತ್ರೆಗೆ, ಒಂದು ದಿನ ಬ್ಯಾಂಕಿಗೋ ಪಡಿತರಕ್ಕೋ. ರಿಜಿಸ್ಟರಿನಲ್ಲಿ ಗೈರು. ಕಾರಣವನ್ನು ಯಾರೂ ಕೇಳಿರಲಿಲ್ಲ ಎಂದಲ್ಲ. ‘ಮನೆಗೆಲಸ’ ಎಂದು ಬರೆದುಕೊಂಡಿದ್ದರು. ನನ್ನ ಮಾರ್ಗದರ್ಶಕ ಶಿಕ್ಷಕರೊಡನೆ ಈ ಬಗ್ಗೆ ಮಾತಾಡಿದೆ. ಗೈರನ್ನು ಹಾಜರಿ ಮಾಡಲು ಬರುವುದಿಲ್ಲ, ಮಾಡಲೂಬಾರದು ಎಂದರು ಅವರು. ನನಗೂ ಅದು ಸರಿ ಕಂಡಿತು. ಆದರೆ ಕನ್ನಡ ಶಿಕ್ಷಕರ ಬಳಿ ಕರೆದುಕೊಂಡು ಹೋದರು. ರೂಪಣಾತ್ಮಕ ಮೌಲ್ಯಮಾಪನಕ್ಕೆ ಎಲ್ಲರೂ ಪತ್ರಿಕೆಯ ತುಣುಕು ಅಂಟಿಸಿ ತರುತ್ತಾರೆ, ಇವಳು ಆಸ್ಪತ್ರೆಯ ಮಾತುಗಳನ್ನು ಬರೆದು ತರಲಿ ಎಂದರು ಅವರು. ಮೂರು ಅಂಕಣ: ಅಜ್ಜಿ ಹೇಳಿದ್ದು, ತಾನು ಹೇಳಿದ್ದು, ಡಾಕ್ಟರು ಹೇಳಿದ್ದು. ಲಂಬಾಣಿಯನ್ನು ಕನ್ನಡ ಲಿಪಿಯಲ್ಲೇ ಬರೆದಳು. ಎರಡು ವಾರದಲ್ಲಿ ಅರವತ್ತು ಚಿಲ್ಲರೆ ಸಾಲುಗಳಾದವು. ಆ ಪುಸ್ತಕಕ್ಕೆ ಪೂರ್ಣ ಅಂಕ ಸಿಕ್ಕಿತು. ಗೈರು ಗೈರಾಗಿಯೇ ಇದೆ.

ಕೊನೆಯ ಶನಿವಾರ ಒಡೆತನದ ಪಾಠ. ನನಗೆ ಇದೇ ಅತ್ಯಂತ ಕಠಿಣ ಎನ್ನಿಸಿತ್ತು. ಪೈಥಾನ್‌ನಲ್ಲಿ ಪ್ರತಿ ವಸ್ತುವಿನೊಳಗೂ ‘ನನ್ನನ್ನು ಎಷ್ಟು ಜನ ಹಿಡಿದಿದ್ದಾರೆ’ ಎಂಬ ಎಣಿಕೆ ಇರುತ್ತದೆ. ಸೊನ್ನೆಯಾದರೆ ವಸ್ತು ಹೋಗುತ್ತದೆ. ಸಿ ಭಾಷೆಯಲ್ಲಿ ಹಾಗಿಲ್ಲ. ಸ್ಥಳ ಪಡೆದವರೇ ಬಿಡಬೇಕು. ನಡುವಿನ ಹೊದಿಕೆ ಎಣಿಕೆಯನ್ನು ಒಂದು ಹೆಚ್ಚು ಬರೆದರೆ ಸ್ಥಳ ಎಂದೂ ಬಿಡುಗಡೆಯಾಗುವುದಿಲ್ಲ. ಒಂದು ಕಡಿಮೆ ಬರೆದರೆ ಇನ್ನೂ ಬಳಸುತ್ತಿರುವಾಗಲೇ ವಸ್ತು ಮಾಯವಾಗಿ ಇಡೀ ಕಾರ್ಯಕ್ರಮ ಕುಸಿಯುತ್ತದೆ.

ಶಾಮಿಯಾನ ಅಂಗಡಿಯವರ ಮಗನೊಬ್ಬ ಅದೇ ತರಗತಿಯಲ್ಲಿದ್ದ. ಮದುವೆಗೆ ಕೊಟ್ಟ ಪಾತ್ರೆಗಳ ಲೆಕ್ಕ ಹೇಗೆ ಎಂದು ಅವನನ್ನೇ ಕೇಳಿದೆ. ಕೊಟ್ಟಾಗ ಬರೆಯುವುದು, ಬಂದಾಗ ಹೊಡೆದುಹಾಕುವುದು. ಒಬ್ಬರು ಒಯ್ದದ್ದನ್ನು ಅವರು ಮತ್ತೊಬ್ಬರಿಗೆ ಕೊಟ್ಟರೆ? “ಅಲ್ಲೇ ಜಗಳ ಹತ್ತೂದ್ರಿ ಸರ. ಅವ್ರು ಇವ್ರು ಕೊಡ್ತಾರಂತಾರ, ಇವ್ರು ಅವ್ರು ಕೊಡ್ತಾರಂತಾರ.” ಪೈಥಾನ್‌ನ ಅಧಿಕೃತ ಕೈಪಿಡಿಯಲ್ಲೂ ಇದೇ ಮಾತುಗಳಿವೆ ಎಂದಾಗ ಅವರು ನಂಬಲಿಲ್ಲ. ಪಟ್ಟಿಯಿಂದ ಒಂದು ವಸ್ತುವನ್ನು ಕೇಳಿದರೆ ಸಿಗುವುದು ‘ಎರವಲು’, ಅದನ್ನು ನಾವು ಬಿಡುವಂತಿಲ್ಲ. ಪಟ್ಟಿಗೆ ಒಂದನ್ನು ಇಡುವ ಇನ್ನೊಂದು ಸಿ ಕ್ರಿಯೆ ನಮ್ಮ ಕೈಯಲ್ಲಿದ್ದುದನ್ನು ‘ಕದಿಯುತ್ತದೆ’. ಕೈಪಿಡಿ ಬಳಸುವ ಪದಗಳೇ ಇವು. ಕಳ್ಳತನ ಎಂಬ ಪದ ಬಂದ ಮೇಲೆ ಯಾರೂ ಕಿಟಕಿಯಾಚೆ ನೋಡಲಿಲ್ಲ.

ಈ ಪಾಠವನ್ನು ನೋಡಲು ಬಂದಿದ್ದ ನಮ್ಮ ಮೇಲ್ವಿಚಾರಕರು ಅವಲೋಕನ ಪುಸ್ತಕದಲ್ಲಿ ಭಾಗವಹಿಸುವಿಕೆಗೆ ಒಳ್ಳೆಯ ಮಾತು ಬರೆದು, ಕೆಳಗೆ ಒಂದು ಪ್ರಶ್ನೆ ಇಟ್ಟರು: ಪಠ್ಯಕ್ರಮದಲ್ಲಿ ಇಲ್ಲದ ಇದು ಈ ವಯಸ್ಸಿಗೆ ಬೇಕೆ? ಚರ್ಚೆಯಲ್ಲಿ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಎಣಿಕೆಯ ಪಾಠ ಬೇಕು. ತಮ್ಮ ಊರಿನ ಹೆಸರು ಯಂತ್ರದಲ್ಲಿ ಒಡೆದರೆ ಅದು ಕನ್ನಡದ ಕೊರತೆಯಲ್ಲ, ನಡುವೆ ಯಾವುದೋ ಪದರ ಇಲ್ಲ ಎಂದು ಹದಿನಾಲ್ಕರ ಮಕ್ಕಳಿಗೆ ತಿಳಿದಿರಬೇಕು. ‘ಕಂಪ್ಯೂಟರಿಗೆ ಕನ್ನಡ ಬರಂಗಿಲ್ಲ’ ಎಂದು ದೊಡ್ಡವರೇ ಹೇಳುವುದನ್ನು ಅವರು ಕೇಳಿದ್ದಾರೆ. ಒಡೆತನದ ಪಾಠ ಬಹುಶಃ ಬೇಡ, ಅದನ್ನು ಪಿ.ಯು. ಮಟ್ಟಕ್ಕೆ ಬಿಡಬಹುದು. ಮಕ್ಕಳು ನಕ್ಕರು, ಉತ್ತರ ಹೇಳಿದರು, ಆದರೆ ಪಾತ್ರೆಯಿಂದ ಸ್ಮೃತಿಗೆ ಎಷ್ಟು ಜನ ದಾಟಿದರು ಎಂದು ತೋರಿಸುವ ಮೌಲ್ಯಮಾಪನ ನನ್ನ ಬಳಿ ಇಲ್ಲ. ಮೇಲ್ವಿಚಾರಕರು ಪೂರ್ತಿ ಒಪ್ಪಲಿಲ್ಲ. ಎಣಿಕೆಯನ್ನೂ ಕನ್ನಡ ಪಾಠದೊಳಗೆ ಸೇರಿಸಿದರೆ ಹೆಚ್ಚು ಪ್ರಯೋಜನ ಎಂಬುದು ಅವರ ಅಭಿಪ್ರಾಯ. ಲಘು-ಗುರು ಹಾಕುವ ದಿನವೇ ಮಾಡಿ ನೋಡಿ ಎಂದರು. ಅದು ನನಗೆ ಹೊಳೆದಿರಲಿಲ್ಲ, ಒಳ್ಳೆಯ ಸಲಹೆ.

ಭೂಪಟಗಳು ಮುಗಿದವು. ಫ್ರಿಬಿಡಿಯ ಕಡತವನ್ನು ತಂದು ಇಟ್ಟ ಮೇಲೆ, ಒಂದಕ್ಷರವನ್ನೂ ಬದಲಿಸದೆ ಅದೇ ಹತ್ತು ಸಾಲುಗಳು ಕೊಪ್ಪಳಕ್ಕೆ ಒತ್ತು ಕೊಟ್ಟವು, ಯಲಬುರ್ಗಾದ ಅರ್ಕಾವೊತ್ತು ಬಲಕ್ಕೆ ಸರಿಯಿತು. ಗಂಗಾವತಿಯ ಹುಡುಗ ತನ್ನ ಊರಿನಲ್ಲಿ ಏನೂ ಬದಲಾಗಿಲ್ಲ ಎಂದು ವಾದಿಸಿದ. ಗುಡಿಸು ಜರುಗಿದ್ದನ್ನು ಹಳೆಯ ಮುದ್ರಣದ ಜೊತೆ ಇಟ್ಟು ತೋರಿಸಬೇಕಾಯಿತು.

ಮುಂದೆ ಆ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ: ಬಾಗಿಲಿನಿಂದ ಮೂರನೇ ಗಣಕದಲ್ಲಿ ‘ಅಕ್ಷರ ಎಣಿಕೆ’ ಎಂಬ ಫೋಲ್ಡರಿನಲ್ಲಿ ಎಲ್ಲವೂ ಇದೆ. ಉಳಿದ ನಾಲ್ಕರಲ್ಲಿ ಕಡತ ಹಾಕಿಲ್ಲ. ಮೊದಲ ಅವಧಿಗೆ ಅವನ್ನೇ ಬಳಸಿ, ಹೆಸರುಗಳು ಒಡೆದು ಕಾಣಲಿ.